ಲೈಟ್ ಹೋದಾಗ ಯಾವುದು ಉರಿಯಬೇಕು, ಯಾವುದು ಆರಬೇಕು: ಮನೆಯ ಸೋಲಾರ್ ಇನ್ವರ್ಟರ್ ಬಗ್ಗೆ ಒಂದು ಮಾತು

ಪುಣೆಯ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಇರುವ ನಮಗೆ ಗುರುವಾರದ ವಿಷಯ ಬಿಡಿಸಿ ಹೇಳಬೇಕಿಲ್ಲ. ಲೈನ್ ದುರಸ್ತಿಗೆ ಅಂತ ಬೆಳಿಗ್ಗೆ ಕರೆಂಟ್ ತೆಗೆದರೆ ಎಷ್ಟೋ ಕಡೆ ಸಂಜೆಯ ಹೊತ್ತಿಗೇ ಬರುವುದು. ಇದು ಹೇಳಿ ಬರುವ ಕಟ್. ಹೇಳದೆ ಬರುವುದು ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಗಾಳಿ ಏಳುತ್ತದೆ, ಎಲ್ಲೋ ಒಂದು ಗುಲ್‌ಮೊಹರ್ ಕೊಂಬೆ ತಂತಿ ಮೇಲೆ ಬೀಳುತ್ತದೆ. ಅದು ಅರ್ಧ ಗಂಟೆಯೋ, ರಾತ್ರಿಯಿಡೀಯೋ, ಯಾರಿಗೂ ಗೊತ್ತಿರುವುದಿಲ್ಲ. ಈ ಎರಡೂ ಬಗೆಯ ಕಟ್‌ಗೆ ಮನೆಯನ್ನು ಹೇಗೆ ಸಿದ್ಧ ಮಾಡಿಡಬಹುದು ಅನ್ನುವುದೇ ಇವತ್ತಿನ ಮಾತು.

ನನ್ನನ್ನು ಜನ ಜಾಸ್ತಿ ಕೇಳುವ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. "ಟೆರೇಸ್ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಬಿಸಿಲು ಧಗಧಗ ಅಂತಿದೆ. ಆದರೂ ಲೈಟ್ ಹೋದ ತಕ್ಷಣ ನಮ್ಮ ಮನೆಯೂ ಆಫ್. ಇದೇನು ಮೋಸ?"

ಮೋಸ ಅಲ್ಲ. ನಿಮ್ಮಲ್ಲಿ ಇರುವುದು ಆನ್-ಗ್ರಿಡ್ ಇನ್ವರ್ಟರ್. ಹೊರಗಿನ ಕರೆಂಟ್‌ನ 230 ವೋಲ್ಟ್, 50 ಹರ್ಟ್ಸ್ ನೋಡಿಕೊಂಡು ಅದಕ್ಕೆ ತಾಳ ಹಾಕುವುದು ಅದರ ಕೆಲಸ. ತಾಳ ಹಾಕಲು ಹಾಡೇ ಇಲ್ಲ ಅಂದರೆ ಅದು ನಿಲ್ಲುತ್ತದೆ. ನಿಲ್ಲಲೇಬೇಕು. ಇದಕ್ಕೆ ಆಂಟಿ-ಐಲ್ಯಾಂಡಿಂಗ್ ಅನ್ನುತ್ತಾರೆ. ಕಂಬದ ಮೇಲೆ ಲೈನ್‌ಮನ್ ಒಬ್ಬರು ಹತ್ತಿರುತ್ತಾರೆ. ಲೈನ್ ಆಫ್ ಆಗಿದೆ ಅಂತ ನಂಬಿ ತಂತಿಗೆ ಕೈ ಹಾಕುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಟೆರೇಸ್‌ನಿಂದ ಕರೆಂಟ್ ಹರಿದು, ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದುಮುಂದಾಗಿ ಸಾವಿರಾರು ವೋಲ್ಟ್ ಆದರೆ ಏನಾಗುತ್ತದೆ ಯೋಚಿಸಿ. ಇನ್ವರ್ಟರ್‌ನ ಔಟ್‌ಪುಟ್ ಅನ್ನು ಎರಡು ಕಡೆ ಪಿನ್ ಇರುವ ವಾಯರ್‌ನಿಂದ ಗೋಡೆಯ ಸಾಕೆಟ್‌ಗೆ ಚುಚ್ಚಿ ಮನೆಯೆಲ್ಲ ನಡೆಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಯಾರೂ ಅದನ್ನು ಮಾಡಬೇಡಿ. ನಾನು ಇವತ್ತು ಹೇಳುವುದರಲ್ಲಿ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಕಟ್ ಆದಾಗಲೂ ಬಿಸಿಲು ಬಳಸಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಬೇಕು, ಜೊತೆಗೆ ಬ್ಯಾಟರಿ ಬೇಕು. ಹೈಬ್ರಿಡ್ ಇನ್ವರ್ಟರ್ ಕಟ್ ಆದ ಕೂಡಲೇ ಹೊರಗಿನ ಲೈನ್‌ನಿಂದ ಕಳಚಿಕೊಳ್ಳುತ್ತದೆ. ಆಮೇಲೆ ತಾನೇ 230 ವೋಲ್ಟ್ ಹುಟ್ಟಿಸಿ ಬ್ಯಾಕಪ್ ಬೋರ್ಡ್‌ಗೆ, ಅಂದರೆ ಕಟ್ ಇದ್ದಾಗಲೂ ನಡೆಯಬೇಕಾದವುಗಳ ಸ್ವಿಚ್ ಪೆಟ್ಟಿಗೆಗೆ, ಕೊಡುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಇದು 10ರಿಂದ 20 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ, ಕಂಪ್ಯೂಟರ್ ಕೂಡ ಆರುವುದಿಲ್ಲ. ಸಬ್ಸಿಡಿ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಿಗುತ್ತದೆ. ಅದರ ಲೆಕ್ಕ ಸೋಲಾರ್‌ನ ಕಿಲೋವ್ಯಾಟ್ ಮೇಲೆ. ಬ್ಯಾಟರಿ ಖರ್ಚು ನಿಮ್ಮದೇ.

ಹಾಗಾದರೆ ಎಷ್ಟು ದೊಡ್ಡ ಬ್ಯಾಟರಿ? ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಮೊದಲನೆಯದು, ಲೈಟ್ ಹೋದಾಗ ಮನೆಯಲ್ಲಿ ಯಾವುದು ಉಳಿಯಬೇಕು, ಯಾವುದು ಯಾವ ಕ್ರಮದಲ್ಲಿ ಆಫ್ ಆಗಬೇಕು ಅನ್ನುವುದು. ಈ ತೀರ್ಮಾನ ಮನೆಯವರೆಲ್ಲ ಕೂತು ಮೊದಲೇ ಮಾಡಬೇಕು. ಆಟೊಮೇಶನ್ ಅಂದರೆ ಆ ತೀರ್ಮಾನವನ್ನು ಯಾರೂ ನೆನಪಿಸದೆ, ಯಾರೂ ಮನೆಯಲ್ಲಿ ಇಲ್ಲದಿದ್ದರೂ, ಯಂತ್ರ ಪಾಲಿಸುವುದು. ತೀರ್ಮಾನವೇ ಇಲ್ಲದ ಮನೆಗೆ ಎಷ್ಟು ದೊಡ್ಡ ಬ್ಯಾಟರಿ ತಂದರೂ ಸಾಲುವುದಿಲ್ಲ.

ಲೆಕ್ಕ ನೋಡೋಣ. ಈಗ ಮನೆಗಳಿಗೆ ಹೆಚ್ಚಾಗಿ ಬರುವುದು 51.2 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಸುಮಾರು 5 ಯೂನಿಟ್. ಅದರಲ್ಲಿ ನಾಲ್ಕೂವರೆ ಯೂನಿಟ್ ನಿಜವಾಗಿ ಬಳಸಬಹುದು ಅಂದುಕೊಳ್ಳಿ. ರಾತ್ರಿ ಮೂರು ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯದ್ದು), ಒಂದಕ್ಕೆ 30 ವ್ಯಾಟ್‌ನಂತೆ 90. ನಾಲ್ಕು ಎಲ್‌ಇಡಿ ದೀಪ 60. ರೌಟರ್ 15. ಫ್ರಿಜ್ ಸರಾಸರಿ 50. ಇಷ್ಟಕ್ಕೆ ನಿಲ್ಲಿಸಬೇಡಿ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತನಗೇ 60 ವ್ಯಾಟ್ ತಿನ್ನುತ್ತದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಟ್ಟು 275 ವ್ಯಾಟ್. ಹದಿನಾರು ಗಂಟೆ ನಡೆಯುತ್ತದೆ. ಅದೇ ಮನೆಯಲ್ಲಿ 75 ವ್ಯಾಟ್‌ನ ಹಳೆ ಫ್ಯಾನ್‌ಗಳಿದ್ದರೆ ಹನ್ನೊಂದು ಗಂಟೆ. ಬಿಎಲ್‌ಡಿಸಿ ಫ್ಯಾನ್ ಜೊತೆಗೇ ಸರಾಸರಿ 1 ಕಿಲೋವ್ಯಾಟ್ ಎಳೆಯುವ ಒಂದು ಎಸಿ ಸೇರಿಸಿ, ಮೂರೂವರೆ ಗಂಟೆಗೆ ಮುಗಿಯಿತು. ಮೂರು ಫ್ಯಾನ್ ಬದಲಾಯಿಸಿದರೆ ಐದು ಗಂಟೆ ಜಾಸ್ತಿ ಸಿಗುತ್ತದೆ ಅಂದಮೇಲೆ, ಎರಡನೇ ಬ್ಯಾಟರಿಗೆ ಮುಂಚೆ ಯಾವುದಕ್ಕೆ ಹಣ ಹಾಕಬೇಕು ಅಂತ ನೀವೇ ಹೇಳಬಹುದು.

ಲೆಡ್-ಆಸಿಡ್ ಇದ್ದವರು ಬೇಜಾರಾಗಬೇಡಿ. 12 ವೋಲ್ಟ್ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಅರ್ಧ ಮಾತ್ರ ಬಳಸಿದರೆ ಬಾಳಿಕೆ ಬರುತ್ತದೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡದ ಕಪಾಟಿನಲ್ಲಿ, ದೇವರ ದೀಪ ಉರಿಯುವ ಮೂಲೆಯಲ್ಲಿ ಇಡಬೇಡಿ.

ಈಗ ವಾಯರಿಂಗ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಆಟೊಮೇಶನ್‌ನ ತೊಂದರೆ ಅಂತ ನನಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಕೊನೆಗೆ ವಾಯರಿಂಗ್ ತೊಂದರೆಯೇ ಆಗಿರುತ್ತವೆ. ನಮ್ಮ ಹಳೆ ಫ್ಲ್ಯಾಟ್‌ಗಳಲ್ಲಿ ಇನ್ವರ್ಟರ್ ಲೈನ್ ಅಂದರೆ ಬರೀ ಫೇಸ್‌ನ, ಅಂದರೆ ಕರೆಂಟ್ ತರುವ, ಒಂದು ತಂತಿ. ಕರೆಂಟ್ ವಾಪಸ್ ಹೋಗುವ ತಂತಿ, ಅಂದರೆ ನ್ಯೂಟ್ರಲ್, ಎಲ್ಲದಕ್ಕೂ ಒಂದೇ. ಹಳೆ ಸಣ್ಣ ಇನ್ವರ್ಟರ್‌ಗೆ ಅದು ನಡೆಯುತ್ತಿತ್ತು. ಹೈಬ್ರಿಡ್ ಇನ್ವರ್ಟರ್ ಹಲವು ಸಲ ಫೇಸ್, ನ್ಯೂಟ್ರಲ್ ಎರಡನ್ನೂ ಕಳಚುತ್ತದೆ. ಆಗ ಬ್ಯಾಕಪ್ ಫೇಸ್‌ನಿಂದ ಹೋದ ಕರೆಂಟ್ ಹಿಂದೆ ಬರಲು ದಾರಿ ಇಲ್ಲ. ಕರೆಂಟ್ ಇದ್ದಾಗಲೂ, ಬ್ಯಾಕಪ್ ಕಡೆಯಿಂದ ಹೋದದ್ದು ಮೇನ್ ನ್ಯೂಟ್ರಲ್‌ನಿಂದ ವಾಪಸ್ ಬಂದರೆ ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ಲೈನ್ ಆಫ್ ಮಾಡುವ ಸುರಕ್ಷತೆಯ ಸ್ವಿಚ್) ಲೆಕ್ಕ ತಾಳೆಯಾಗುವುದಿಲ್ಲ, ಟ್ರಿಪ್ ಆಗುತ್ತದೆ. ಹಾಗಾಗಿ ಬ್ಯಾಕಪ್‌ಗೆ ಬೇರೆ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್, ಆ ಸ್ವಿಚ್ ಪೆಟ್ಟಿಗೆ), ಬೇರೆ ಫೇಸ್, ಬೇರೆ ನ್ಯೂಟ್ರಲ್. ವಾಯರ್‌ಮನ್ "ಅಷ್ಟೆಲ್ಲ ಬೇಕಿಲ್ಲ" ಅಂದರೂ ಹಟ ಹಿಡಿಯಿರಿ.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಹೊರಗಿನ ಲೈನ್‌ನಿಂದ ಕಳಚಿಕೊಂಡಾಗ ನ್ಯೂಟ್ರಲ್‌ಗೆ ಅರ್ಥ್ (ನೆಲದ) ಸಂಬಂಧ ತಪ್ಪಿಹೋಗಬಹುದು. ಆಗ ಫ್ರಿಜ್‌ನ ಮೈಗೆ ಕರೆಂಟ್ ತಗುಲಿದರೂ ಆರ್‌ಸಿಸಿಬಿ ಟ್ರಿಪ್ ಆಗದೆ ಇರಬಹುದು. ಬ್ಯಾಕಪ್ ಮೋಡ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಕೂಡುವ ವ್ಯವಸ್ಥೆ ಇನ್ವರ್ಟರ್‌ನಲ್ಲಿದೆಯಾ, ಇದ್ದರೆ ಅದನ್ನು ಆನ್ ಮಾಡಿದ್ದಾರಾ ಅಂತ ಕೇಳಿ. ಆಮೇಲೆ ಕಟ್ ಇದ್ದಾಗಲೇ ಆರ್‌ಸಿಸಿಬಿ ಟೆಸ್ಟರ್ ಯಂತ್ರ ಹಾಕಿ ಆರ್‌ಸಿಸಿಬಿ ಪರೀಕ್ಷೆ ಮಾಡಿಸಿ. ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿದರೆ ಸಾಲದು. ಆ ಬಟನ್ ಯಂತ್ರದ ಒಳಭಾಗವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥ್ ದಾರಿಯನ್ನಲ್ಲ.

ಸರಿ, ಆಟೊಮೇಶನ್‌ಗೆ ಬರೋಣ. ಮೊದಲ ನಿಯಮ ಎಲ್ಲರಿಗೂ ಒಂದೇ: ಲೈಟ್ ಹೋದ ಕೂಡಲೇ ಗೀಸರ್, ಪಂಪ್, ವಾಷಿಂಗ್ ಮೆಷಿನ್ ಆಫ್ ಆಗಬೇಕು. ಇದಕ್ಕೆ ಸಾಫ್ಟ್‌ವೇರ್ ಬೇಡ. ನಾನು ಮಾಡುವುದು ಹೀಗೆ. ಬ್ಯಾಕಪ್ ಡಿಬಿಯಲ್ಲಿ ಎರಡು ಸಾಲು ಮಾಡುತ್ತೇನೆ. ಮೊದಲ ಸಾಲು ಲೈಟ್ ಹೋದಾಗಲೂ ಉಳಿಯುವುದು: ದೀಪ, ಫ್ಯಾನ್, ಫ್ರಿಜ್, ರೌಟರ್. ಎರಡನೇ ಸಾಲಿನ ಭಾರದ ಲೋಡ್‌ಗಳು ಒಂದು ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್) ಮೂಲಕ ಹೋಗುತ್ತವೆ. ಹೊರಗಿನ ಲೈನ್ ಇದೆಯಾ ಇಲ್ಲವಾ ಅಂತ ನೋಡಲು 230 ವೋಲ್ಟ್ ಕಾಯಿಲ್‌ನ ಒಂದು ಸಣ್ಣ ರಿಲೇ, ಅಂದರೆ ಅದೇ ಬಗೆಯ ಚಿಕ್ಕ ಸ್ವಿಚ್. ಲೈನ್ ಇರುವವರೆಗೆ ಆ ರಿಲೇ ಕಾಂಟ್ಯಾಕ್ಟರನ್ನು ಹಿಡಿದಿರುತ್ತದೆ. ಲೈನ್ ಹೋದ ಕ್ಷಣ ಒಳಗಿನ ಸ್ಪ್ರಿಂಗ್ ಎಳೆಯುತ್ತದೆ, ಡಿಬಿಯಲ್ಲಿ ಟಪ್ ಅಂತ ಒಂದು ಸದ್ದು, ಎರಡನೇ ಸಾಲು ಆಫ್. ವೈಫೈ ಬೇಡ, ಆಪ್ ಬೇಡ, ಪ್ರೋಗ್ರಾಂ ಹ್ಯಾಂಗ್ ಆಗುವ ಭಯ ಇಲ್ಲ. ಹೊರಗಿನ ಫೇಸ್ ರಿಲೇಯ ಕಾಯಿಲ್‌ವರೆಗೆ ಮಾತ್ರ ಬರಬೇಕು. ಅದು, ಇನ್ವರ್ಟರ್‌ನ ಫೇಸ್, ಎರಡೂ ಎಲ್ಲಿಯೂ ಕೂಡಬಾರದು. ಇದನ್ನು ಲೈಸೆನ್ಸ್ ಇರುವವರ ಕೈಯಿಂದಲೇ ಮಾಡಿಸಿ. ಅಂಗಡಿಯಲ್ಲಿ ಸಿಗುವ 10 ಆಂಪಿಯರ್ ಸ್ಮಾರ್ಟ್ ಸ್ವಿಚ್ ಅನ್ನು ನೇರವಾಗಿ ಪಂಪ್‌ಗೆ ಹಾಕಬೇಡಿ. 1 ಎಚ್‌ಪಿ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ, ಸ್ವಿಚ್‌ನ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ.

ಸಾಫ್ಟ್‌ವೇರ್ ಬೇಕಾಗುವುದು ಇದರ ಮೇಲಿನ ಸೂಕ್ಷ್ಮ ಕೆಲಸಕ್ಕೆ. ಅದರಲ್ಲೂ ಒಂದು ಶರತ್ತು: ಎಲ್ಲವೂ ಮನೆಯೊಳಗೇ ನಡೆಯಬೇಕು. ಇನ್ವರ್ಟರ್ ಜೊತೆ ಬರುವ ವೈಫೈ ಡಾಂಗಲ್ ಮಾಹಿತಿಯನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತದೆ, ನಿಮ್ಮ ಆಪ್ ಅಲ್ಲಿಂದ ಓದುತ್ತದೆ. ಕಟ್ ಉದ್ದವಾದರೆ ಬೀದಿಯ ಫೈಬರ್ ಡಬ್ಬಿಯ ಬ್ಯಾಟರಿ ಮುಗಿಯುತ್ತದೆ, ನಿಮ್ಮ ರೌಟರ್ ಉರಿಯುತ್ತಿದ್ದರೂ ಇಂಟರ್‌ನೆಟ್ ಇರುವುದಿಲ್ಲ. ಬೇಕಾದ ಹೊತ್ತಿಗೇ ಕೈಕೊಡುವ ಆಟೊಮೇಶನ್ ಯಾತಕ್ಕೆ, ಅಲ್ವಾ? ಹೆಚ್ಚಿನ ಹೈಬ್ರಿಡ್ ಇನ್ವರ್ಟರ್‌ಗಳಲ್ಲಿ ಮಾಹಿತಿ ಓದಲು ಆರ್‌ಎಸ್-485 ಅನ್ನುವ ಪೋರ್ಟ್ ಇರುತ್ತದೆ. ಅದಕ್ಕೆ ಎರಡು ತಂತಿ ಜೋಡಿಸಿ, ಮಾಡ್‌ಬಸ್ ಪ್ರೋಟೋಕಾಲ್‌ನಲ್ಲಿ (ಯಂತ್ರಗಳು ಮಾತಾಡುವ ಒಂದು ಭಾಷೆ) ಕೇಳಿದರೆ ನಾಲ್ಕು ಸಂಗತಿ ಹೇಳುತ್ತದೆ: ಹೊರಗಿನ ಲೈನ್ ಇದೆಯಾ, ಬ್ಯಾಟರಿ ಶೇಕಡಾ ಎಷ್ಟು, ಪ್ಯಾನೆಲ್‌ನಿಂದ ಎಷ್ಟು ಬರುತ್ತಿದೆ, ಮನೆ ಎಷ್ಟು ಎಳೆಯುತ್ತಿದೆ. ಐದು ಸೆಕೆಂಡಿಗೊಮ್ಮೆ ಇಷ್ಟು ಓದಿದರೆ ಸಾಕು. ಓದುವ ಕೆಲಸಕ್ಕೆ ಇಎಸ್‌ಪಿ32 ಅನ್ನುವ ಒಂದು ಪುಟ್ಟ ವೈಫೈ ಚಿಪ್, ನಿಯಮಗಳಿಗೆ ಒಂದು ಸಣ್ಣ ಕಂಪ್ಯೂಟರ್ ಮೇಲೆ ಹೋಮ್ ಅಸಿಸ್ಟೆಂಟ್. ಅದು ಮುಕ್ತ ಸಾಫ್ಟ್‌ವೇರ್, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಈ ಕಂಪ್ಯೂಟರ್, ರೌಟರ್ ಎರಡೂ ಬ್ಯಾಕಪ್‌ನ ಮೊದಲ ಸಾಲಿನಲ್ಲೇ ಇರಬೇಕು. ಈ ಕೆಲಸಕ್ಕೆ ಹಲವರು ಬಳಸುವ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ; ಅದರ ಹಳೆಯ ಮಾದರಿಗಳಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕಟ್ ನಡುವೆ ಅದು ರೀಸ್ಟಾರ್ಟ್ ಆದರೆ, ಇಂಟರ್‌ನೆಟ್ ಇಲ್ಲದೆ ಸಮಯ ತಪ್ಪುತ್ತದೆ, ಗಂಟೆ ನೋಡಿ ನಡೆಯುವ ನಿಯಮಗಳೂ ತಪ್ಪುತ್ತವೆ. ಒಂದು ಸಣ್ಣ ಆರ್‌ಟಿಸಿ (ಬ್ಯಾಟರಿ ಇರುವ ಗಡಿಯಾರ) ಮಾಡ್ಯೂಲ್ ಹಾಕಿಬಿಡಿ.

ನಿಯಮ ಬರೆಯುವಾಗ ಬ್ಯಾಟರಿಯ ವೋಲ್ಟೇಜ್ ನೋಡಬೇಡಿ, ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಅದರ ಒಳಗಿನ ಸರ್ಕಿಟ್) ಹೇಳುವ ಶೇಕಡಾ ನೋಡಿ. ಈ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನಡುಭಾಗದಲ್ಲಿ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಶೇಕಡಾ 70 ಇದ್ದರೂ 40 ಇದ್ದರೂ ಅದು 52, 53 ವೋಲ್ಟ್ ಆಸುಪಾಸಿನಲ್ಲೇ ಇರುತ್ತದೆ. ಆಫ್ ಮಾಡುವ ಅಂಕಿ ಬೇರೆ, ಮತ್ತೆ ಆನ್ ಮಾಡುವ ಅಂಕಿ ಬೇರೆ ಇರಲಿ. ಶೇಕಡಾ 40ಕ್ಕೆ ಇಳಿದಾಗ ಟಿವಿ ಆಫ್ ಅಂತಿದ್ದರೆ, ಮತ್ತೆ ಆನ್ ಆಗುವುದು 55ಕ್ಕೆ. ಇಲ್ಲವಾದರೆ 40, 41ರ ನಡುವೆ ರಿಲೇ ಟಕಟಕ ಅನ್ನುತ್ತಲೇ ಇರುತ್ತದೆ. ಶೇಕಡಾ 25ಕ್ಕೆ ಇಳಿದರೆ ವಯಸ್ಸಾದವರ ಕೋಣೆಯ ಫ್ಯಾನ್, ಒಂದೆರಡು ದೀಪ, ರೌಟರ್ ಇಷ್ಟೇ. ಫ್ರಿಜ್ ಕೂಡ ಆಫ್. ಬಾಗಿಲು ತೆಗೆಯದಿದ್ದರೆ ಅದು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಫ್ರಿಜ್ ಒಮ್ಮೆ ಆಫ್ ಆದರೆ ಐದು ನಿಮಿಷದೊಳಗೆ ಮತ್ತೆ ಆನ್ ಆಗದಂತೆ ನಿಯಮ ಬರೆಯಿರಿ, ಕಂಪ್ರೆಸರ್ ಉಳಿಯಬೇಕಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ಗುರುವಾರ ಮಧ್ಯಾಹ್ನ 12 ಗಂಟೆ. ಕರೆಂಟ್ ಇಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿದೆ. ಆಕಾಶ ಶುಭ್ರ. ಸ್ಕ್ರೀನ್ ನೋಡಿದರೆ ಪ್ಯಾನೆಲ್‌ಗಳಿಂದ ಬರುತ್ತಿರುವುದು ಬರೀ 240 ವ್ಯಾಟ್! ಮೂರು ಕಿಲೋವ್ಯಾಟ್ ಪ್ಯಾನೆಲ್ ಕೆಟ್ಟುಹೋಯಿತಾ?

ಕೆಟ್ಟಿಲ್ಲ. ಮನೆ ಎಳೆಯುತ್ತಿರುವುದೇ 240 ವ್ಯಾಟ್. ಬ್ಯಾಟರಿಗೆ ಇನ್ನು ಬೇಡ. ಹೊರಗೆ ಕಳಿಸಲು ಲೈನ್ ಇಲ್ಲ. ಆಗ ಇನ್ವರ್ಟರ್ ಪ್ಯಾನೆಲ್‌ನಿಂದ ಎಳೆಯುವುದನ್ನೇ ಕಡಿಮೆ ಮಾಡುತ್ತದೆ. ಅಂದರೆ ಕಟ್ ಇದ್ದಾಗ ಪ್ಯಾನೆಲ್ ಮೀಟರ್ ತೋರಿಸುವುದು ಎಷ್ಟು ಬಳಸುತ್ತಿದ್ದೀರಿ ಅನ್ನುವುದನ್ನು, ಎಷ್ಟು ಸಿಗಬಹುದು ಅನ್ನುವುದನ್ನಲ್ಲ. "ಸೋಲಾರ್ 2000 ವ್ಯಾಟ್ ಮೀರಿದರೆ ಗೀಸರ್ ಆನ್" ಅಂತ ನಿಯಮ ಬರೆದಿದ್ದರೆ ಅದು ಆ ದಿನ ಯಾವತ್ತೂ ಆನ್ ಆಗುವುದೇ ಇಲ್ಲ. ಎರಡು ಕಿಲೋವ್ಯಾಟ್ ಬಿಸಿಲು ಟೆರೇಸ್ ಮೇಲೆ ಸುಮ್ನೆ ಪೋಲಾಗುತ್ತಿರುತ್ತದೆ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಕೇಳಿ ನೋಡುವುದು. ಬ್ಯಾಟರಿ ಶೇಕಡಾ 95ಕ್ಕಿಂತ ಮೇಲಿದೆ, ಹೊತ್ತು 10ರಿಂದ 3ರ ನಡುವೆ ಇದೆ ಅಂದಾಗ ಗೀಸರ್ ಆನ್ ಮಾಡಿ. ಕಟ್ ಇರುವಾಗ ಎರಡನೇ ಸಾಲು ಆಫ್ ಆಗಿರುತ್ತದಲ್ಲ, ಹಾಗಾಗಿ ಗೀಸರ್, ಪಂಪ್ ಒಂದೊಂದಕ್ಕೂ ಸಾಫ್ಟ್‌ವೇರ್ ಹೇಳಿದಾಗ ಮಾತ್ರ ಆನ್ ಆಗುವ ಬೇರೆ ಕಾಂಟ್ಯಾಕ್ಟರ್ ಇರಬೇಕು. ಎರಡು ನಿಮಿಷ ಬ್ಯಾಟರಿ ಕಡೆ ನೋಡಿ. ಪ್ಯಾನೆಲ್ ಏರಿಕೊಂಡು ಪೂರ್ತಿ ಹೊರೆ ಹೊತ್ತರೆ ಬ್ಯಾಟರಿಯಿಂದ ಏನೂ ಹೋಗುವುದಿಲ್ಲ, ಮುಂದುವರಿಸಿ. ಬ್ಯಾಟರಿಯಿಂದ 300 ವ್ಯಾಟ್‌ಗಿಂತ ಜಾಸ್ತಿ ಹೋಗುತ್ತಲೇ ಇದೆ ಅಂದರೆ ಬಿಸಿಲು ಸಾಲದು. ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಈ ಪರೀಕ್ಷೆಗೆ ಗೀಸರ್‌ನಂಥ ಬರೀ ಬಿಸಿ ಮಾಡುವ ಲೋಡ್ ಒಳ್ಳೆಯದು. ಆನ್, ಆಫ್ ಎಷ್ಟು ಸಲವಾದರೂ ಅದಕ್ಕೆ ಬೇಸರ ಇಲ್ಲ. ಪಂಪ್‌ನಿಂದ ಈ ಪರೀಕ್ಷೆ ಮಾಡಬೇಡಿ. ಗೀಸರ್ ಪಾಸಾದ ಮೇಲೆ ಅದನ್ನು ಆಫ್ ಮಾಡಿ ಪಂಪ್ ಹಾಕಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಮಧ್ಯಾಹ್ನ ಪೋಲಾಗುವ ಬಿಸಿಲಿನಲ್ಲಿ ಅಷ್ಟು ಮಾಡಿಟ್ಟರೆ ಸಂಜೆಯ ಸ್ನಾನಕ್ಕೆ ಬ್ಯಾಟರಿ ಮುಟ್ಟಬೇಕಿಲ್ಲ. ಕೈಕೆಲಸ ಇಷ್ಟಪಡುವವರು ಟೆರೇಸ್ ಮೇಲೆ 10 ವ್ಯಾಟ್‌ನ ಒಂದು ಪುಟ್ಟ ಪ್ಯಾನೆಲ್ ಬೇರೆಯೇ ಇಟ್ಟು ಅದರ ಶಾರ್ಟ್-ಸರ್ಕಿಟ್ ಕರೆಂಟ್ ಅಳೆಯಬಹುದು. ಅದು ಬಿಸಿಲಿಗೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ದೊಡ್ಡ ಪ್ಯಾನೆಲ್‌ಗಳಲ್ಲಿ ಎಷ್ಟು ಅಡಗಿದೆ ಅಂತ ಅದರಿಂದ ಅಂದಾಜು ಸಿಗುತ್ತದೆ. ನಾನು ಎರಡನ್ನೂ ಸೇರಿಸಿ ಬಳಸುತ್ತೇನೆ.

ಬುಧವಾರ ರಾತ್ರಿಗೂ ಒಂದು ನಿಯಮ ಇರಲಿ. ಮಾಮೂಲಿ ದಿನಗಳಲ್ಲಿ ಬ್ಯಾಟರಿಯನ್ನು ಶೇಕಡಾ 40ರವರೆಗೆ ಬಳಸಲು ಬಿಡಬಹುದು. ಬುಧವಾರ ರಾತ್ರಿ ಮಾತ್ರ ಗ್ರಿಡ್‌ನಿಂದಲೇ ಪೂರ್ತಿ ತುಂಬಿಸಿ. ಗುಡುಗು-ಮಳೆಯ ಮುನ್ಸೂಚನೆ ಇದ್ದ ದಿನವೂ ಹಾಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಕೂರಬೇಡಿ. ವರ್ಷದ ಸರಾಸರಿಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆ ಅನ್ನುತ್ತೇವೆ. ಜುಲೈಯ ಜಡಿಮಳೆಯ ದಿನ ಅದರ ಕಾಲುಭಾಗವೂ ಬರದೆ ಇರಬಹುದು.

ಕರೆಂಟ್ ವಾಪಸ್ ಬಂದ ಹೊತ್ತೂ ಅಷ್ಟೇ ಮುಖ್ಯ. ಇಡೀ ಬೀದಿಯ ಫ್ರಿಜ್, ಪಂಪ್, ಎಸಿ ಒಂದೇ ಸಲ ಶುರುವಾಗುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಕೆಲವೊಮ್ಮೆ ಮತ್ತೆ ಹೋಗುತ್ತದೆ. ಐದು ನಿಮಿಷ ಲೈನ್ ಸ್ಥಿರವಾಗಿದೆ ಅಂತ ನೋಡಿದ ಮೇಲೆ ಎರಡನೇ ಸಾಲನ್ನು ಒಂದೊಂದಾಗಿ ಆನ್ ಮಾಡಿ. ಆ ಸಣ್ಣ ರಿಲೇ ಇದೆಯಲ್ಲ, ಅದನ್ನೇ ಟೈಮರ್ ಇರುವ ಬಗೆಯದ್ದು ಹಾಕಿದರೆ ಈ ಕಾಯುವ ಕೆಲಸವೂ ಸಾಫ್ಟ್‌ವೇರ್ ಇಲ್ಲದೇ ಆಗುತ್ತದೆ.

ಇನ್ನು ಪ್ರಶ್ನೆಗಳು.

ಮೊದಲು ಕೋಥ್ರೂಡ್‌ನಿಂದ ಬಂದವರೊಬ್ಬರು ಕೇಳಿದರು: "ನಮ್ಮಲ್ಲಿ ಸಬ್ಸಿಡಿಯ ಆನ್-ಗ್ರಿಡ್ ಇನ್ವರ್ಟರ್ ಆಗಲೇ ಇದೆ. ಅದನ್ನು ಎಸೆಯಬೇಕಾ?"

ಬೇಡ. ಅದರ ಪಕ್ಕಕ್ಕೆ ಒಂದು ಬ್ಯಾಟರಿ ಇನ್ವರ್ಟರ್ ಹಾಕಬಹುದು. ಕಟ್ ಆದಾಗ ಬ್ಯಾಟರಿ ಇನ್ವರ್ಟರ್ ಮನೆಗೆ 50 ಹರ್ಟ್ಸ್ ಹುಟ್ಟಿಸುತ್ತದೆ, ಹಳೆಯದು ಅದಕ್ಕೇ ಹೊಂದಿಕೊಂಡು ಬಿಸಿಲು ಕೊಡುತ್ತದೆ. ಬ್ಯಾಟರಿ ತುಂಬಿದಾಗ ಬ್ಯಾಟರಿ ಇನ್ವರ್ಟರ್ ಬೇಕಂತಲೇ ಫ್ರೀಕ್ವೆನ್ಸಿಯನ್ನು 51, 52 ಹರ್ಟ್ಸ್ ಕಡೆ ಏರಿಸುತ್ತದೆ. ಅದನ್ನು ನೋಡಿ ಸೋಲಾರ್ ಇನ್ವರ್ಟರ್ ಕಡಿಮೆ ಮಾಡುತ್ತದೆ ಅಥವಾ ನಿಲ್ಲುತ್ತದೆ. ಎರಡು ಎಚ್ಚರಿಕೆ. ಬ್ಯಾಟರಿ ಇನ್ವರ್ಟರ್‌ನ ಸಾಮರ್ಥ್ಯ ಸೋಲಾರ್ ಇನ್ವರ್ಟರ್‌ಗಿಂತ ಕಡಿಮೆ ಇರಬಾರದು. ನಿಮ್ಮ ಸಾಮಾನ್ಯ ಮನೆ ಇನ್ವರ್ಟರ್‌ಗೆ ಈ ಕೆಲಸ ಬರುವುದಿಲ್ಲ, ಡೀಸೆಲ್ ಜನರೇಟರ್‌ಗೂ ಬರುವುದಿಲ್ಲ. ನೆಟ್ ಮೀಟರ್ (ಹೊರಗೆ ಕಳಿಸಿದ ಕರೆಂಟನ್ನೂ ಲೆಕ್ಕ ಹಾಕುವ ಮೀಟರ್) ಒಪ್ಪಿಗೆ ಪಡೆದ ವ್ಯವಸ್ಥೆಯನ್ನು ಬದಲಿಸುವ ಮುಂಚೆ ವಿದ್ಯುತ್ ಕಂಪನಿಗೆ ತಿಳಿಸಿ.

ಒಬ್ಬ ಹುಡುಗಿ ಕೇಳಿದಳು: "ನಾವು ಹಿಂಜೆವಾಡಿಯಲ್ಲಿ ಬಾಡಿಗೆಗೆ ಇದ್ದೇವೆ. ಟೆರೇಸ್ ನಮ್ಮದಲ್ಲ. ನಮಗೇನಿದೆ?"

ರೌಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ, ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಒಂದು. ಒಂದು ಪೋರ್ಟಬಲ್ ಪವರ್ ಸ್ಟೇಷನ್ ಅಥವಾ ಮಾಮೂಲಿ ಇನ್ವರ್ಟರ್ ಇಟ್ಟು, ಅದರ ಮೇಲೆ ಬಿಎಲ್‌ಡಿಸಿ ಫ್ಯಾನ್ ಮತ್ತು ಲ್ಯಾಪ್‌ಟಾಪ್ ಮಾತ್ರ ನಡೆಸಿ. ಮನೆ ಬಿಡುವಾಗ ಫ್ಯಾನ್ ಕೂಡ ಬಿಚ್ಚಿಕೊಂಡು ಹೋಗಬಹುದು. ಬಾಲ್ಕನಿ ಗ್ರಿಲ್‌ಗೆ ಪ್ಯಾನೆಲ್ ಕಟ್ಟುವ ಯೋಚನೆ ಇದ್ದರೆ ಅದು ಗಾಳಿಗೆ ಕಳಚಿ ಯಾರ ತಲೆ ಮೇಲೂ ಬೀಳದ ಹಾಗೆ ಬಿಗಿಯಾಗುತ್ತದಾ ಅಂತ ಮೊದಲು ನೋಡಿ. ಅನುಮಾನ ಇದ್ದರೆ ಬಿಟ್ಟುಬಿಡಿ.

ಕೊನೆಯ ಪ್ರಶ್ನೆ, ತಂದೆಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಇಟ್ಟಿರುವವರದು: "ಇದನ್ನು ನಂಬಬಹುದಾ?"

ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ, ರಾತ್ರಿಯಿಡೀ ಬಿಡದೆ. ಅಂದರೆ ಆ 5 ಯೂನಿಟ್ ಬ್ಯಾಟರಿಯಲ್ಲಿ, ಇನ್ವರ್ಟರ್ ತಿನ್ನುವುದೂ ಸೇರಿ, ಅದೊಂದೇ ಹನ್ನೊಂದು ಗಂಟೆ ನಡೆಯಬಹುದು. ಅದನ್ನು ಮೊದಲ ಸಾಲಿನಲ್ಲಿ, ಯಾವ ರಿಲೇಯೂ ನಡುವೆ ಬರದಂತೆ, ನೇರ ಎಂಸಿಬಿಯಿಂದ (ಡಿಬಿಯಲ್ಲಿರುವ ಟ್ರಿಪ್ ಸ್ವಿಚ್) ಕೊಡಿ. ಸಾಫ್ಟ್‌ವೇರ್‌ಗೆ ಅದನ್ನು ಮುಟ್ಟುವ ದಾರಿಯೇ ಇರಬಾರದು. ಬ್ಯಾಟರಿ ಶೇಕಡಾ 60ಕ್ಕೆ ಇಳಿದಾಗಲೇ ಮನೆಯ ಉಳಿದದ್ದೆಲ್ಲ ಆಫ್ ಆಗಲಿ, 40ಕ್ಕೆ ಜೋರಾಗಿ ಅಲಾರ್ಮ್ ಹೊಡೆಯಲಿ. ಫೋನಿಗೆ ಬರುವ ಮೆಸೇಜ್ ನಂಬಬೇಡಿ, ಕೋಣೆಯಲ್ಲೇ ಬಝರ್ ಇರಲಿ. ಇಷ್ಟಿದ್ದರೂ ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿ ಇರಲೇಬೇಕು. ಎಷ್ಟು ದೊಡ್ಡದು, ಎಷ್ಟು ಹರಿವು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ರೆಗ್ಯುಲೇಟರ್ ಜೋಡಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಲಿ. ಮುಂದಿನ ಗುರುವಾರದೊಳಗೆ ನಿಮ್ಮ ಡಿಬಿಯ ಒಂದು ಫೋಟೋ ತಂದು ತೋರಿಸಿ, ಯಾವ ತಂತಿ ಎಲ್ಲಿಗೆ ಹೋಗಬೇಕು ಅಂತ ಕೂತು ಬರೆದುಕೊಡುತ್ತೇನೆ.